ಇಪ್ಪತ್ತೈದು ಅಡಿ ದೂರದ ಗೋಡೆ

ಡ್ರಿಲ್ ಬಿಟ್ ಮತ್ತೆ ಮುರಿಯಿತು. ಅರ್ಧ ಬಂಪರಿನ ತೂತಿನಲ್ಲೇ ಸಿಕ್ಕಿಕೊಂಡಿತು. ಉಳಿದರ್ಧ ನನ್ನ ಕಿವಿಯ ಪಕ್ಕದಿಂದ ಹಾರಿ ಶೆಡ್ಡಿನ ತಗಡಿಗೆ ಬಡಿದು ಟಣ್ಣೆಂದಿತು.

"ಒತ್ತು, ಒತ್ತು ಅಂತ ಬಡ್ಕೋತಿದ್ಯಲ್ಲ, ತಗೋ!" ಎಂದು ಕೂಗಿದೆ. "ಕಣ್ಣಿಗೆ ಬಿದ್ದಿದ್ರೆ ಮನೇಲಿ ಇಬ್ಬರೂ ಕುರುಡರಾಗ್ತಿದ್ವಿ."

ಇಬ್ಬರೂ ಎನ್ನಬಾರದಿತ್ತು. ನನ್ನ ಗಂಡ ಕೈಯಲ್ಲಿದ್ದ ಟಾರ್ಚನ್ನು ಬಸ್ಸಿನ ಮೆಟ್ಟಿಲ ಮೇಲೆ ನಿಧಾನವಾಗಿ ಇಟ್ಟ. ಅವನಿಗೆ ಸಿಟ್ಟು ಬಂದರೆ ಕೈ ನಿಧಾನವಾಗುತ್ತದೆ, ಬಾಯಿ ಜೋರಾಗುತ್ತದೆ.

"ಹೇಳು. ಇನ್ನೊಂದ್ಸಲ ಹೇಳು. ಮಾಲೀಕ ಹೇಳಿದ್ದಾಯ್ತು, ಕಂಡಕ್ಟರ್ ಹೇಳಿದ್ದಾಯ್ತು. ಬಸ್ ತೊಳಿಯೋನೂ ನಿನ್ನೆ ಹೇಳ್ದ, ಅಣ್ಣಾ ಬಕೆಟ್ ಎಲ್ಲಿದೆ ಅಂತ ಈಗ್ಲೇ ನೋಡ್ಕೊಂಬಿಡು ಅಂತ. ಹೆಂಡ್ತಿ ಒಬ್ಬಳು ಬಾಕಿ ಇದ್ದಳು."

ಇಪ್ಪತ್ತೆರಡು ವರ್ಷದಿಂದ ಅವನು ಬಸ್ಸು ಓಡಿಸುತ್ತಿದ್ದಾನೆ. ಕೊನೆಯ ಒಂಬತ್ತು ವರ್ಷ ಕಾಲುವೆ ಏರಿಯ ಮೇಲಿನ ದಾರಿಯಲ್ಲಿ. ಎರಡು ಗಾಡಿ ಎದುರಾದರೆ ಎರಡೂ ಉಸಿರು ಬಿಗಿಹಿಡಿದು ದಾಟಬೇಕಾದ ದಾರಿ ಅದು. ಗುರುವಾರ ಸಂಜೆ ಆರೂವರೆಗೆ, ಮೂವತ್ತೆಂಟು ಜನರನ್ನು ಕೂರಿಸಿಕೊಂಡು, ಅವನು ಬಸ್ಸನ್ನು ಸೇತುವೆಯ ತಡೆಗೋಡೆಗೆ ಉಜ್ಜಿದ. ಎಡಗಡೆಯ ಕನ್ನಡಿ ಹೋಯಿತು, ಎರಡು ಕಿಟಕಿ ಹೋದವು, ಮುಂದಿನ ಚಕ್ರ ತಡೆಗೋಡೆ ಮುರಿದಿದ್ದ ಜಾಗಕ್ಕೆ ಒಂದು ಗೇಣು ಉಳಿದಾಗ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಎದುರಿನಿಂದ ನಾಲ್ಕು ದೀಪದ ಗಾಡಿ ಬಂತು, ಕಣ್ಣು ಕತ್ತಲಾಯಿತು ಎಂದು ಅವನು ಹೇಳಿದ. ಯಾವ ಗಾಡಿ ಎಂದರೆ ಗೊತ್ತಿಲ್ಲ. ಕಂಡಕ್ಟರ್ ಹಿಂದೆ ತಿರುಗಿಕೊಂಡು ಟಿಕೆಟ್ ಹರಿಯುತ್ತಿದ್ದ. ಜನ ಫೋನಿನೊಳಗೆ ಮುಳುಗಿದ್ದರು. ನೋಡಿದವರು ಒಬ್ಬರೂ ಇಲ್ಲ.

"ನಂಬರ್ ಹೇಳು" ಎಂದರಂತೆ ಮಾಲೀಕರು.

"ಸೂರ್ಯನ ನಂಬರ್ ಯಾರಾದ್ರೂ ನೋಡಿದಾರಾ ಸಾರ್?" ಎಂದನಂತೆ ಇವನು.

ಮಾಲೀಕರಿಗೆ ನಗು ಬರಲಿಲ್ಲ. ಸೋಮವಾರದೊಳಗೆ ಅಂಥ ಗಾಡಿ ಇತ್ತು ಅಂತ ಏನಾದರೂ ಬರಹದಲ್ಲಿ ತಂದು ತೋರಿಸು, ಇಲ್ಲದಿದ್ದರೆ ಸೀಟು ಬಿಟ್ಟು ಇಳಿ, ಅಂಗಳದಲ್ಲಿ ಪೈಪು ಹಿಡಿದು ಬಸ್ಸು ತೊಳಿ ಎಂದರು. ಭಾನುವಾರದ ಐದೂವರೆ ಟ್ರಿಪ್ಪು ಅವನ ಕೊನೆಯದು. ಇವತ್ತು ಭಾನುವಾರ. ಗಂಟೆ ಮೂರಾಗಿತ್ತು.

ಆ ಕೊನೆಯ ಟ್ರಿಪ್ಪಿಗೆ ಅವನು ದೀಪ ತಂದಿದ್ದ. ನಾಲ್ಕು. ಊಟದ ತಟ್ಟೆಯಷ್ಟು ಅಗಲದವು. ಪೆಟ್ಟಿಗೆಯ ಮೇಲೆ ಬೆಳಕು ಗುಡ್ಡವನ್ನು ಎರಡು ಸೀಳು ಮಾಡುತ್ತಿರುವ ಚಿತ್ರವಿತ್ತು.

"ಚಿತ್ರ ನೋಡಿ ತಂದ್ಯಾ?" ಎಂದು ಕೇಳಿದ್ದೆ ಬೆಳಿಗ್ಗೆ.

"ಮತ್ತೆ ಜಾತಕ ನೋಡಿ ತರ್ಬೇಕಿತ್ತಾ?"

"ಇದು ಉದ್ದಕ್ಕೆ ಹೊಡೆಯೋ ದೀಪ ಮಾರಾಯ. ಬಯಲಿಗೆ, ನೇರ ದಾರಿಗೆ. ಏರಿ ಮೇಲೆ ನಿಂಗೆ ಬೇಕಿರೋದು ಅಗಲಕ್ಕೆ ಹರಡೋದು, ಹಳದಿದು, ಬಂಪರ್‌ಗಿಂತ ಕೆಳಗೆ ಕಟ್ಟೋದು. ರಸ್ತೆ ಅಂಚು ಕಾಣ್ಬೇಕು ನಿಂಗೆ. ಮುಂದಿನ ಊರು ಕಾಣ್ಬೇಕಾಗಿಲ್ಲ."

"ನಂಗೆ ಅವನ ಮುಖ ಕಾಣ್ಬೇಕು."

ಬಯ್ಯುತ್ತಲೇ ನಾನು ಕೆಲಸ ಹಿಡಿದಿದ್ದೆ. ನನ್ನ ಅಪ್ಪ ಕಟ್ಟಿದ ಶೆಡ್ಡು ಇದು, ಗಾಡಿಗಳ ವೈರಿಂಗು ಮಾತ್ರ ಮಾಡುವುದು. ಅಪ್ಪ ಹೋದ ಮೇಲೆ ಹನ್ನೊಂದು ವರ್ಷದಿಂದ ನಾನೊಬ್ಬಳೇ. ದಾರಿಯವರು ನನ್ನನ್ನು ಫ್ಯೂಸಕ್ಕ ಎನ್ನುತ್ತಾರೆ. ಬೇಗ ಹಾರುತ್ತೇನೆಂದು. ಎದುರಿಗೆ ಅನ್ನುವುದಿಲ್ಲ.

ಮೂರನೆಯ ಬಿಟ್ ಹಾಕಿ, ಎಣ್ಣೆ ಬಿಟ್ಟು, ನಾಲ್ಕೂ ತೂತು ಮುಗಿಸಿದೆ. ದೀಪ ಕೂರಿಸಿ ನಟ್ಟು ಬಿಗಿದೆ. ಬಣ್ಣ ಕೆರೆದು, ಹೊಳೆಯುವ ಕಬ್ಬಿಣಕ್ಕೆ ಅರ್ತಿಂಗ್ ತಂತಿ ಕಟ್ಟಿದೆ. ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ರಿಲೇಗೆ ದಪ್ಪ ತಂತಿ ಎಳೆದೆ. ರಿಲೇ ಎಂದರೆ ಮೂಗಿನಷ್ಟು ದೊಡ್ಡ ಕಪ್ಪು ಡಬ್ಬಿ. ಅದಕ್ಕೆ ಸಣ್ಣ ತಂತಿಯಲ್ಲಿ ಅಪ್ಪಣೆ ಹೋದರೆ ಅದು ದೊಡ್ಡ ದೀಪ ಹತ್ತಿಸುತ್ತದೆ. ಅಪ್ಪಣೆ ಎಲ್ಲಿಂದ ಹೋಗಬೇಕು ಎಂಬಲ್ಲಿಗೆ ಬಂದಾಗ ಎರಡನೇ ಜಗಳ ಶುರುವಾಯಿತು.

"ಹೈ ಬೀಮ್ ತಂತಿಗೆ ಸೇರಿಸ್ತೀನಿ" ಎಂದೆ. "ನೀನು ಬೆಳಕು ತಗ್ಗಿಸಿ ಡಿಪ್ ಮಾಡಿದ ತಕ್ಷಣ ನಾಲ್ಕೂ ಆರುತ್ತೆ."

"ಆರೋದು ಬೇಡ. ಬೇರೆ ಸ್ವಿಚ್ ಹಾಕು. ನಾನು ಹತ್ತಿಸಿದ್ರೆ ಹತ್ತಬೇಕು, ನಾನು ಆರಿಸೋವರೆಗೂ ಉರೀಬೇಕು."

"ಎದುರು ಗಾಡಿ ಬಂದ್ರೆ?"

"ಬರಲಿ ಅಂತಾನೇ ಹಾಕಿಸ್ತಿರೋದು. ಮೂರು ವಾರದಿಂದ ಅವನು ಡಿಪ್ ಮಾಡಿಲ್ಲ. ದಿನಾ ಆರೂವರೆಗೆ ಸರಿಯಾಗಿ, ಸೇತುವೆ ಹತ್ರ. ಇವತ್ತೊಂದು ದಿನ ನಾನೂ ಮಾಡಲ್ಲ. ಅವನೂ ಒಂದ್ಸಲ ಕಣ್ಣು ಮುಚ್ಕೊಂಡು ಸ್ಟೇರಿಂಗ್ ಹಿಡೀಲಿ, ಗೊತ್ತಾಗುತ್ತೆ."

"ನಿನ್ನ ಹಿಂದೆ ಜನ ಇರ್ತಾರೆ."

"ಗುರುವಾರಾನೂ ಇದ್ರು!"

ಅವನ ಕಣ್ಣು ಕೆಂಪಗಿತ್ತು. ಮೂರು ವಾರದಿಂದ ಹಾಗೇ ಇತ್ತು. ರಾತ್ರಿ ಮನೆಗೆ ಬಂದರೆ ಮುಖ ತೊಳೆಯುವ ಮುಂಚೆ ಆ ಗಾಡಿಯವನ ವಂಶವನ್ನೆಲ್ಲ ತೊಳೆಯುತ್ತಿದ್ದ. ಮೊದಲ ವಾರ ನಾನು ಹೂಂ ಅಂದೆ. ಎರಡನೇ ವಾರ, ನಲವತ್ತಾರಾಯ್ತು ನಿಂಗೆ, ಕನ್ನಡಕ ಮಾಡಿಸ್ಕೋ ಅಂದೆ. ಮೂರನೇ ವಾರ ಔಷಧದ ಅಂಗಡಿಯಿಂದ ಕಣ್ಣಿಗೆ ಬಿಡುವ ಹನಿ ತಂದುಕೊಟ್ಟೆ. ಅವನು ಅದನ್ನು ಜೇಬಿನಲ್ಲಿ ಇಟ್ಟುಕೊಂಡ. ಬಿಟ್ಟುಕೊಂಡನೋ ಇಲ್ಲವೋ ಕೇಳಲಿಲ್ಲ.

"ನೋಡು, ನನ್ನ ಕೈಯಿಂದ ಹೋದ ಗಾಡಿ ಇವತ್ತಿನವರೆಗೂ ಯಾರ ಕಣ್ಣೂ ಕುಕ್ಕಿಲ್ಲ" ಎಂದೆ. "ನಿಂದೂ ಕುಕ್ಕಲ್ಲ. ಬೇರೆ ಸ್ವಿಚ್ ಬೇಕಿದ್ರೆ ಬೇರೆಯವಳನ್ನ ಕಟ್ಕೋ."

"ಕಟ್ಕೊಂಡಿದ್ರೆ ಅವಳಾದ್ರೂ ನನ್ ಮಾತು ನಂಬ್ತಿದ್ದಳು."

ಉತ್ತರ ಕೊಡಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಶೆಡ್ಡಿನ ಎದುರು ಗಾಡಿಯೊಂದು ಬ್ರೇಕು ಕಿರುಚಿಸಿಕೊಂಡು ನಿಂತಿತು. ಹೆಂಚು ತುಂಬಿದ ಪಿಕಪ್ಪು. ಹಿಂಬದಿ ನೆಲಕ್ಕೆ ಇಳಿದು ಕೂತಿತ್ತು. ಮೂಗು ಆಕಾಶ ನೋಡುತ್ತಿತ್ತು. ಮುಂದೆ ಹಸಿರು ಬಣ್ಣದ ಕೊಳವೆ, ಅದರ ಮೇಲೆ ಎರಡು ಬಿಳಿ ದೀಪ, ಕೆಳಗೆ ಎರಡು ಹಳದಿ. ಹಳದಿಯಲ್ಲಿ ಎಡಗಡೆಯದರ ಗಾಜು ಪುಡಿಯಾಗಿತ್ತು.

ಆ ಕೊಳವೆಯನ್ನು ಹಸಿರು ಮಾಡಿದವಳು ನಾನೇ. ಡಬ್ಬಿಯ ತಳದಲ್ಲಿ ಉಳಿದದ್ದು ಆ ಬಣ್ಣ ಒಂದೇ.

ಹೆಂಚಿನವನು ಇಳಿದು ಬಂದ. ಮೂವತ್ತರ ಆಸುಪಾಸಿನ ಸಣಕಲು ಮನುಷ್ಯ. ದಿನಾ ಸುಡುವ ಗೂಡಿನಿಂದ ಕಟ್ಟಡದ ಜಾಗಗಳಿಗೆ ಹೆಂಚು ಹೊರುವವನು. ಮುಷ್ಟಿಯಲ್ಲಿ ಏನನ್ನೋ ಹಿಡಿದಿದ್ದ.

"ಅಕ್ಕಾ, ನೋಡಿ ಇದನ್ನ. ಶುಕ್ರವಾರ ಯಾವನೋ ಬಸ್ಸಿನೋನು ಬೀಸಿ ಹೊಡ್ದ. ಡಿಪ್ ಮಾಡ್ಕೊಂಡು ನನ್ ಪಾಡಿಗೆ ನಾನು ಬರ್ತಿದ್ದೆ. ಗಾಜು ಹೋಯ್ತು, ಒಂದು ಗೇಣು ಮೇಲೆ ಬಿದ್ದಿದ್ರೆ ನನ್ ತಲೆ ಹೋಗ್ತಿತ್ತು."

ಮುಷ್ಟಿ ಬಿಚ್ಚಿದ. ಚಕ್ರದ ನಟ್ಟು. ಕೆಂಪು ಬಣ್ಣ ಬಳಿದದ್ದು.

ನಾನು ಬಸ್ಸಿನ ಚಕ್ರ ನೋಡಲಿಲ್ಲ. ನೋಡಬೇಕಾಗಿರಲಿಲ್ಲ. ಅದೇ ಕೆಂಪಿನಲ್ಲಿ ಹತ್ತು ನಟ್ಟು ಹೆಂಚಿನವನ ಮೊಣಕಾಲ ಪಕ್ಕದಲ್ಲೇ ಹೊಳೆಯುತ್ತಿದ್ದವು. ಅವನೂ ನೋಡಿದ. ನನ್ನ ಗಂಡನೂ ನೋಡಿದ, ನಟ್ಟನ್ನಲ್ಲ, ಹಸಿರು ಕೊಳವೆಯನ್ನು, ಅದರ ಕೆಳಗಿನ ಒಡೆದ ಗಾಜನ್ನು.

"ನೀನೇನಾ?" ಎಂದ ಗಂಡ.

"ನೀನೇನಾ?" ಎಂದ ಹೆಂಚಿನವನು.

ಮುಂದಿನದು ಕ್ಷಣದಲ್ಲಿ ನಡೆಯಿತು. ಗಂಡ ಅವನ ಕಾಲರ್ ಹಿಡಿದು ಬಸ್ಸಿನ ಮೂತಿಗೆ ಒತ್ತಿದ. ಹೆಂಚಿನವನು ನಟ್ಟು ಹಿಡಿದ ಕೈಯಿಂದ ಇವನ ಭುಜಕ್ಕೆ ಗುದ್ದಿದ. ಹೊಸ ದೀಪವೊಂದು ಅವರಿಬ್ಬರ ನಡುವೆ ಕಿರ್ರೆಂದು ತಿರುಗಿತು.

"ಮೂವತ್ತೆಂಟು ಜನ ಕಣೋ! ಡಿಪ್ ಮಾಡೋಕೆ ಕೈಗೇನ್ ಬಂದಿತ್ತು ನಿಂಗೆ?"

"ಮಾಡ್ತೀನಿ! ದಿನಾ ಮಾಡ್ತೀನಿ! ನಿನ್ ಬಸ್ಸು ತಿರುವಲ್ಲಿ ಕಂಡ ತಕ್ಷಣ ಮಾಡ್ತೀನಿ. ಎಲ್ರೂ ನಂಗೇ ಬಯ್ತಾರೆ. ಮೂರು ವಾರದಿಂದ ಈ ದಾರೀಲಿ ಎದುರಿಗೆ ಬಂದೋರೆಲ್ಲ ಕ್ಯಾಕರಿಸಿ ಉಗೀತಾರೆ. ಯಾಕೆ ಅಂತ ಯಾರೂ ಹೇಳಲ್ಲ!"

"ಸುಳ್ಳು!"

"ಅಕ್ಕನ್ನೇ ಕೇಳು. ಇವ್ರೇ ಹಾಕಿದ್ದು. ಡಿಪ್ ಮಾಡಿದ್ರೆ ಬಿಳಿ ಎರಡೂ ಆರುತ್ತೆ. ಹಳದಿ ಮಾತ್ರ ಇರುತ್ತೆ, ಅಂಚು ಕಾಣಲಿ ಅಂತ. ಅದು ನೆಲ ನೋಡುತ್ತೆ, ಯಾರ ಕಣ್ಣಿಗೂ ಹೋಗಲ್ಲ ಅಂತ ಇವ್ರೇ ಹೇಳಿದ್ದು."

ಗಂಡನ ಕೈ ಕಾಲರ್ ಮೇಲೇ ಇತ್ತು. ಆದರೆ ಅದರಲ್ಲಿ ಬಲವಿರಲಿಲ್ಲ. ಅವನು ನನ್ನ ಕಡೆ ತಿರುಗಿದ.

"ನೀನು ಹಾಕಿದ್ದಾ?"

"ನಾನೇ."

"ಯಾವಾಗ?"

"ನೀನೇ ಲೆಕ್ಕ ಹಾಕ್ಕೋ" ಎಂದೆ. ಮೂರು ವಾರವಾಗಿತ್ತು.

ಮೈ ಉರಿಯಿತು. ಯಾರ ಮೇಲೆಂದು ಆಗ ತಿಳಿಯಲಿಲ್ಲ. ಹೆಂಚಿನವನ ಕೈಯಿಂದ ಕೀಲಿ ಕಿತ್ತುಕೊಂಡು, "ಇಬ್ಬರೂ ಬಾಯ್ಮುಚ್ಚಿ. ಈಗ್ಲೇ ತೋರಿಸ್ತೀನಿ. ನನ್ನ ದೀಪ ನೆಲ ನೋಡ್ತಿದ್ರೆ ಇವತ್ತೇ ನಿನ್ನನ್ನ ಕಣ್ಣಿನ ಡಾಕ್ಟ್ರ ಹತ್ರ ಎಳ್ಕೊಂಡು ಹೋಗ್ತೀನಿ" ಎಂದು ಗಂಡನಿಗೆ ಹೇಳಿ ಪಿಕಪ್ಪು ಹತ್ತಿದೆ.

ಶೆಡ್ಡಿನ ಕೊನೆಯಲ್ಲಿ ಅಪ್ಪನ ಗೋಡೆ ಇದೆ. ನೆಲದ ಮೇಲೆ ಉಳಿಯಿಂದ ಕೊರೆದ ಗೀಟು, ಅಲ್ಲಿಂದ ಗೋಡೆಗೆ ಸರಿಯಾಗಿ ಇಪ್ಪತ್ತೈದು ಅಡಿ. ಗಾಡಿಯ ದೀಪ ಆ ಗೀಟಿನ ಮೇಲೆ ಬರುವಂತೆ ನಿಲ್ಲಿಸಬೇಕು. ದೀಪ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ. ಹಳದಿ ದೀಪದ ಬೆಳಕಿನ ತಲೆ ಆ ಗೆರೆಗಿಂತ ನಾಲ್ಕು ಬೆರಳು ಕೆಳಗೇ ನಿಲ್ಲಬೇಕು. ಗೆರೆ ದಾಟಿದರೆ ದೂರ ಹೋದಷ್ಟೂ ಬೆಳಕು ಮೇಲೇಳುತ್ತದೆ. ಇಲ್ಲಿ ಒಂದು ಗೇಣು ಎಂದರೆ ಸೇತುವೆಯ ಹತ್ತಿರ ಅದು ಬಸ್ಸಿನ ಮುಂದಿನ ಗಾಜು.

ಗಾಡಿ ಗೀಟಿಗೆ ತಂದೆ. ಬಸ್ಸಿನ ಪಕ್ಕದಲ್ಲಿ ಬೆಳಕು ಬರುತ್ತಿದ್ದ ಜಾಗಕ್ಕೆ ಅವರಿಬ್ಬರೂ ಟಾರ್ಪಾಲು ಎಳೆದರು. ಶೆಡ್ಡು ಕತ್ತಲಾಯಿತು.

"ಗೆರೆ ಎಳಿ" ಎಂದೆ. ಗಂಡ ದೀಪದ ಎತ್ತರವನ್ನು ಟೇಪಿನಲ್ಲಿ ಅಳೆದುಕೊಂಡು ಹೋಗಿ, ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಗೆರೆ ಎಳೆದ. ನಮ್ಮ ಮದುವೆಯ ಮೊದಲ ವರ್ಷಗಳಲ್ಲಿ ರಜಾ ದಿನ ಅವನೇ ಎಳೆಯುತ್ತಿದ್ದದ್ದು. ಅವನ ಗೆರೆ ನೆಟ್ಟಗಿರುತ್ತದೆ.

"ಎದ್ದು ಈಚೆ ಬಾ."

"ನೀನು ಹಾಕು. ನಾನು ಇಲ್ಲೇ ಇರ್ತೀನಿ."

ಸ್ವಿಚ್ ಒತ್ತಿದೆ.

ಉಳಿದಿದ್ದ ಒಂದೇ ಹಳದಿ ದೀಪ ಹತ್ತಿತು. ಬೆಳಕು ಗೆರೆಯ ಕೆಳಗೆ ಇರಲಿಲ್ಲ. ಗೆರೆಯ ನೇರಕ್ಕೂ ಇರಲಿಲ್ಲ. ಗೆರೆ ದಾಟಿ, ಒಂದು ಗೇಣಿಗಿಂತ ಹೆಚ್ಚು ಮೇಲೇರಿ, ಕೂತಿದ್ದ ನನ್ನ ಗಂಡನ ಮುಖದ ತುಂಬ ಬಿದ್ದಿತ್ತು. ಅವನು ಕೈ ಅಡ್ಡ ಹಿಡಿಯಲಿಲ್ಲ. ಕಣ್ಣು ಮುಚ್ಚಿಕೊಂಡು, ಗದ್ದ ಎತ್ತಿ, ಹಾಗೇ ಕೂತಿದ್ದ. ರೆಪ್ಪೆಯ ಕೆಳಗಿಂದ ನೀರು ಇಳಿಯಿತು.

"ಇದೇ" ಎಂದ. "ಇದೇ ಬೆಳಕು."

ಹೆಂಚಿನವನು ಬಗ್ಗಿ ದೀಪದ ನಟ್ಟು ನೋಡಿದ. "ಅಕ್ಕಾ, ನಾನು ಮುಟ್ಟೇ ಇಲ್ಲ. ನೀವು ಬಿಗಿದ ನಟ್ಟು ಹಂಗೇ ಇದೆ."

ಹಾಗೇ ಇತ್ತು. ನಟ್ಟಿನ ಮೇಲೆ ನಾನು ಎಳೆದ ಬಿಳಿ ಗುರುತು ಒಂದು ಕೂದಲಷ್ಟೂ ಸರಿದಿರಲಿಲ್ಲ. ದೀಪ ಸರಿದಿರಲಿಲ್ಲ. ಗಾಡಿ ಸರಿದಿತ್ತು. ಹಿಂದೆ ಒಂದು ಟನ್ ಹೆಂಚು, ಮುಂದೆ ಎದ್ದ ಮೂಗು.

ಮೂಲೆಯಲ್ಲಿ ಎಂಟು ಮರಳಿನ ಮೂಟೆಗಳಿವೆ. ಅಪ್ಪನದು ಒಂದೇ ಹಟ. ಖಾಲಿ ಗಾಡಿಗೆ ದೀಪ ತಿರುಗಿಸಬೇಡ, ಅದು ದಾರಿಯಲ್ಲಿ ಹೇಗೆ ಹೋಗುತ್ತೋ ಹಾಗೆ ಕೂರಿಸಿ ಆಮೇಲೆ ತಿರುಗಿಸು. ಹೊರೆ ಗಾಡಿ ಬಂದರೆ ಎಂಟೂ ಮೂಟೆ ಹತ್ತಿಸಿ, ಮೇಲೆ ತಾನೂ ಹತ್ತಿ ಕೂರುತ್ತಿದ್ದ. ಮೂರು ವಾರದ ಹಿಂದೆ ಈ ಪಿಕಪ್ಪು ಖಾಲಿ ಬಂದಿತ್ತು. ಒಂದೊಂದು ಮೂಟೆ ನಲವತ್ತು ಕಿಲೋ. ನನ್ನ ಸೊಂಟ ಎರಡು ವರ್ಷದಿಂದ ಸರಿಯಿಲ್ಲ. ಅಂದಾಜಿನ ಮೇಲೆ ಎರಡು ಬೆರಳು ಹೆಚ್ಚು ತಗ್ಗಿಸಿ, ಸಾಕು ಎಂದು ಬಿಗಿದು ಕಳಿಸಿದ್ದೆ.

ಅಷ್ಟನ್ನು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಬೇರೆ.

"ಅವತ್ತು ಮೂಟೆ ಎತ್ತಿಕೊಡ್ತೀನಿ ಅಂದಿದ್ದೋರು ಯಾರು? ರಜಾ ಅಂತ ಹತ್ತು ಗಂಟೆವರೆಗೂ ಬಿದ್ಕೊಂಡಿದ್ದೋರು ಯಾರು? ಎರಡು ಸಲ ಫೋನ್ ಮಾಡ್ದೆ. ಬಂದು ಎತ್ತಿಕೊಟ್ಟಿದ್ರೆ ಇವೆಲ್ಲ ಆಗ್ತಿತ್ತಾ?"

ಗಂಡ ಎದ್ದು ನಿಂತ. ಬೆಳಕು ಈಗ ಅವನ ಸೊಂಟದ ಮೇಲಿತ್ತು. ತಿರುಗಿ ಬೈಯಬೇಕಾಗಿತ್ತು. ಹನ್ನೊಂದು ದಿನ ಸತತ ಓಡಿಸಿ ಬಂದ ರಜೆ ಅದು ಎಂದು ನನಗೆ ಗೊತ್ತಿತ್ತು. ಬೈದಿದ್ದರೆ ನನ್ನ ಸಿಟ್ಟಿಗೆ ಒಂದು ಜೊತೆ ಸಿಗುತ್ತಿತ್ತು. ಅವನು ಮೂಲೆಗೆ ಹೋಗಿ ಟಾರ್ಪಾಲು ಸರಿಸಿದ. ಹಗಲು ಒಳಗೆ ಬಂತು.

ನಾನು ಸ್ಪ್ಯಾನರ್ ಎತ್ತಿಕೊಂಡೆ. ಮತ್ತೆ ಟಾರ್ಪಾಲು ಎಳೆದುಕೊಂಡು, ಹೆಂಚಿನ ಭಾರ ಇದ್ದ ಹಾಗೇ ದೀಪವನ್ನು ಗೆರೆಯ ಕೆಳಗೆ ನಾಲ್ಕು ಬೆರಳಿಗೆ ಇಳಿಸಿದೆ. ಒಡೆದ ದೀಪ ಬಿಚ್ಚಿ, ಅಂಗಡಿಯಲ್ಲಿದ್ದ ಹೊಸದನ್ನು ಹಾಕಿ, ಒಂದನ್ನು ಬಟ್ಟೆಯಿಂದ ಮುಚ್ಚಿ ಇನ್ನೊಂದರ ಬೆಳಕು ನೋಡುತ್ತಾ, ಎರಡನ್ನೂ ಎರಡೆರಡು ಸಲ ಪರೀಕ್ಷಿಸಿದೆ. ನಟ್ಟು ಬಿಗಿಯುವಾಗ ಗೆಣ್ಣು ಸುಲಿದು ರಕ್ತ ಬಂತು. ಬರಲಿ ಎನಿಸಿತು.

"ಅಷ್ಟು ಜನ ಉಗಿದರು ನಂಗೆ" ಎಂದ ಹೆಂಚಿನವನು, ಗಾಡಿ ಹತ್ತುತ್ತಾ. "ನಾನೂ ತಿರುಗಿ ಉಗಿದೆ. ಅವರದ್ದೇ ತಪ್ಪು ಅಂದ್ಕೊಂಡು."

"ತಪ್ಪು ನಂದು."

"ಗೊತ್ತಾಯ್ತು ಬಿಡಿ. ನಾನೇನೂ ಅನ್ನಲ್ಲ ಅಕ್ಕಾ. ಅನ್ನೋಕೆ ಮನೇಲೇ ಜನ ಇದಾರೆ ನಿಮ್ಗೆ." ಕೆಂಪು ನಟ್ಟನ್ನು ನನ್ನ ಗಂಡನ ಕಡೆ ಎಸೆದ. ಗಂಡ ಹಿಡಿದ. "ತಗೋ, ಚಕ್ರಕ್ಕೆ ಹಾಕ್ಕೋ. ಹತ್ತೇ ನಟ್ಟಲ್ಲಿ ಅಷ್ಟು ಜನಾನ ಕೂರಿಸ್ಕೊಂಡು ಓಡಿಸ್ತೀಯಲ್ಲ, ನಿಂಗೂ ಭಯ ಇಲ್ವಾ?"

"ಡಬ್ಬೀಲಿದ್ದ ಸ್ಪೇರ್ ಅದು" ಎಂದ ಗಂಡ.

ಪಿಕಪ್ಪು ಹೋಯಿತು. ಗಂಟೆ ನಾಲ್ಕೂ ಮುಕ್ಕಾಲು.

ಗಂಡ ಬಸ್ಸಿನ ಮುಂದೆ ಕೂತು, ಮಧ್ಯಾಹ್ನ ನಾನು ಬಿಗಿದಿದ್ದ ದೀಪಗಳನ್ನು ಒಂದೊಂದಾಗಿ ಬಿಚ್ಚಲು ಶುರುಮಾಡಿದ. ನಾಲ್ಕನ್ನೂ ಗುಡ್ಡ ಸೀಳುವ ಪೆಟ್ಟಿಗೆಗೆ ತುಂಬಿದ. ಬಂಪರಿನಲ್ಲಿ ನಾಲ್ಕು ತೂತು ಉಳಿದವು.

ಮೇಜಿನ ಖಾನೆಯಿಂದ ಅಪ್ಪನ ಕಾಲದ ಚೀಟಿ ಪುಸ್ತಕ ತೆಗೆದೆ. ಮೇಲೆ ಅಂಗಡಿಯ ಹೆಸರು, ಕೆಳಗೆ ನನ್ನ ಸಹಿಗೆ ಜಾಗ. ಬರೆದೆ: 'ಹೆಂಚು ಸಾಗಿಸುವ ಪಿಕಪ್ಪಿಗೆ ಮೂರು ವಾರದ ಹಿಂದೆ ನಾಲ್ಕು ದೀಪ ಹಾಕಿದ್ದು ನಾನು. ಹೊರೆ ಇಲ್ಲದೆ ಖಾಲಿ ಗಾಡಿಯಲ್ಲಿ ತಿರುಗಿಸಿದೆ. ಹೊರೆ ತುಂಬಿದಾಗ ಬೆಳಕು ಎದುರಿನವರ ಕಣ್ಣಿಗೆ ಬೀಳುತ್ತಿತ್ತು. ಇವತ್ತು ಗೋಡೆಯ ಮೇಲೆ ಪರೀಕ್ಷಿಸಿ ನೋಡಿದ್ದೇನೆ. ಗುರುವಾರದ ಘಟನೆಯಲ್ಲಿ ಬಸ್ಸಿನ ಚಾಲಕರ ಕಣ್ಣಿನ ದೋಷ ಏನೂ ಇಲ್ಲ. ದೋಷ ನನ್ನ ಕೆಲಸದ್ದು.' ಸಹಿ ಹಾಕಿದೆ. ಆ ಮಾಲೀಕರ ಒಂಬತ್ತು ಬಸ್ಸಿನ ವೈರಿಂಗೂ ನನ್ನ ಶೆಡ್ಡಿಗೇ ಬರುವುದು. ನಾಳೆಯಿಂದ ಬರುವುದಿಲ್ಲ. ಬೇರೆಯವರ ಕಿವಿಗೂ ಬೀಳುತ್ತದೆ. ಬೀಳಲಿ.

ಗಂಡ ಚಾಲಕನ ಸೀಟಿನಲ್ಲಿ ಕೂತಿದ್ದ. ಕಿಟಕಿಯ ಕೆಳಗೆ ನಿಂತು ಚೀಟಿ ಚಾಚಿದೆ.

ಅವನು ಓದಿದ. ಇನ್ನೊಂದು ಸಲ ಓದಿದ.

"ಮಾಲೀಕರು ಬರಹದಲ್ಲಿ ಕೇಳಿದ್ರಲ್ಲ" ಎಂದೆ. "ಇದಕ್ಕಿಂತ ಇನ್ನೇನು ಬೇಕು ಅವರಿಗೆ? ಇವತ್ತು ಟ್ರಿಪ್ ಮುಗಿದ ಮೇಲೆ ಕೊಡು. ನಾಳೆಯಿಂದ ಸೀಟು ನಿಂದೇ."

"ದೋಷ ಇಲ್ಲ ಅಂತ ಬರ್ದಿದ್ಯ."

"ಇಲ್ವಲ್ಲ."

"ಇಲ್ಲ ಅಂತ ಮೂರು ವಾರ ಹೇಳ್ದೆ ನಾನು. ಊಟಕ್ಕೆ ಕೂತಾಗ ಹೇಳ್ದೆ. ಮಲಗಿದಾಗ ಹೇಳ್ದೆ. ದೀಪದ ಕೆಲಸ ಮಾಡೋಳು ನೀನು. ಯಾವ ಗಾಡಿ, ಬೆಳಕು ಯಾವ ಎತ್ತರಕ್ಕೆ ಹೊಡೀತು, ಯಾವ ಬಣ್ಣ, ಒಂದು ಮಾತು ಕೇಳಿದ್ಯಾ?" ಜೇಬಿಗೆ ಕೈಹಾಕಿ ಕಣ್ಣಿನ ಹನಿಯ ಸೀಸೆ ತೆಗೆದ. ಸೀಲು ಒಡೆದಿರಲಿಲ್ಲ. ಅದನ್ನು ಕಿಟಕಿಯ ಅಂಚಿನ ಮೇಲೆ ಇಟ್ಟ. ನಿಧಾನವಾಗಿ. "ಗೋಡೆ ಹೇಳಿದ್ಮೇಲೆ ನೀನು ನಂಬ್ದೆ. ನನ್ನನ್ನಲ್ಲ, ಗೋಡೇನ."

"ಆಯ್ತು. ಅದನ್ನ ಮನೇಲಿ ಜಗಳ ಆಡೋಣ. ವರ್ಷಪೂರ್ತಿ ಆಡು. ನನ್ ಮೇಲಿನ ಸಿಟ್ಟನ್ನ ಸೀಟಿನ ಮೇಲೆ ತೀರಿಸ್ಕೋಬೇಡ. ಹಟ ಮಾಡ್ಬೇಡ ಕಣೋ, ನಾಳೆ ಪೈಪ್ ಹಿಡೀಬೇಕಾಗುತ್ತೆ."

"ಹಿಡೀತೀನಿ."

"ನಿಂಗೆ ಹುಚ್ಚಾ? ಒಂದು ಚೀಟಿ. ತಗೊಂಡು ಜೇಬಲ್ಲಿ ಇಟ್ಕೋ, ಅಷ್ಟೇ."

ಅವನು ಚೀಟಿಯನ್ನು ನಾನು ಮಡಿಸಿದ್ದ ಮಡಿಕೆಗೇ ಸರಿಯಾಗಿ ಮಡಿಸಿದ. ಕಿಟಕಿಯಿಂದ ಬಗ್ಗಿ, ನನ್ನ ಅಂಗಿಯ ಜೇಬಿನೊಳಗೆ, ಟೆಸ್ಟರ್ ಪಕ್ಕಕ್ಕೆ ತೂರಿಸಿದ. ಬಸ್ಸು ಚಾಲೂ ಮಾಡಿದ.

"ಬೇಡ" ಎಂದ.